ಜೋಗದ ಸೀಸನ್ನು

‘ನಾನು ಮಾಡಿದ ಮೊದಲ ಕೆಲಸ’ ಎಂಬ ವಿಷಯವಾಗಿ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ಕನ್ನಡ ಅಧ್ಯಾಪಕನಾಗಿ ಮೊದಲ ಸಲ ತರಗತಿಗೆ ಕಾಲಿಟ್ಟ ದಿನದ ಭಯಭಕ್ತಿಗಳನ್ನು ನಾನು ಬಣ್ಣಿಸುತ್ತೇನೆಂದು ಅವರು ನಿರೀಕ್ಷಿಸಿದ್ದಿರಬೇಕು. ಅದನ್ನು ಬಣ್ಣಿಸಿದವರು ಬಹಳ ಮಂದಿ ಇದ್ದಾರೆ. ನನ್ನ ಅನುಭವ ಅವರದಕ್ಕಿಂತ ಬೇರೆಯೇನೂ ಅಲ್ಲ. ಅಲ್ಲದೆ ನನ್ನ ಮೊದಲ ಕೆಲಸ ಅದೂ ಅಲ್ಲ. ಅದಕ್ಕೆ ಏಳೆಂಟು ವರ್ಷ ಮೊದಲು, ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ಜೋಗದ ಒಂದು ಹೋಟೆಲಿನಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಮೇಜು ಒರೆಸಿದ್ದೇನೆ. ನೌಕರಿಯಲ್ಲಿದ್ದಾಗ ಹಲವು ಬಾರಿ ನನ್ನ ಸೇವಾ ವಿವರಗಳನ್ನು ಬರೆದುಕೊಟ್ಟಿದ್ದೇನಾದರೂ ಆ ನಾಲ್ಕು ತಿಂಗಳನ್ನು ಎಲ್ಲಿಯೂ ನಮೂದಿಸಿದ್ದಿಲ್ಲ. ನಾಚಿಕೆಯಿಂದಲ್ಲ. ಆ ಕಾಗದದಲ್ಲಿ ಅದಕ್ಕೆ ಅಂಕಣವಿರಲಿಲ್ಲ, ಅಷ್ಟೆ.

ಅದು ಈಗ ನೆನಪಿಗೆ ಬಂದುದಕ್ಕೆ ನಮ್ಮೂರಿನ ಒಬ್ಬ ಹುಡುಗ ಕಾರಣ. ಆಷಾಢದ ಒಂದು ಸಂಜೆ ಕೋಣಂದೂರಿನ ಬಸ್ಸು ನಿಲ್ದಾಣದಲ್ಲಿ ಸಿಕ್ಕಿದ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಕಬಿನಿ ಹಿನ್ನೀರಿನ ದಂಡೆಯ ಒಂದು ವಸತಿಗೃಹದಲ್ಲಿ ಅವನಿಗೆ ಕೆಲಸ. ಅಲ್ಲಿ ಬೇಸಿಗೆಯೇ ಸುಗ್ಗಿ. ಕಾಡಿನೊಳಗಿನ ಕೆರೆಗಳು ಬತ್ತಿ ಆನೆಗಳು ಹಿನ್ನೀರಿಗೆ ಇಳಿಯುವ ಕಾಲಕ್ಕೆ ಜನವೂ ಇಳಿಯುತ್ತದೆ. ಮಳೆ ಹಿಡಿದರೆ ಅತಿಥಿಗಳು ಕಡಮೆ. ಇವನು ಚೀಲ ಹೆಗಲಿಗೇರಿಸಿ ಊರಿಗೆ ಬರುತ್ತಾನೆ.

“ಹುಲಿ ಎಷ್ಟು ನೋಡಿದ್ಯೋ?” ಎಂದು ಕೇಳಿದೆ.

“ಎಂತ ಹುಲಿ ಸಾರ್! ಅವರು ಹುಲಿ ನೋಡಿ ಬರೋ ಹೊತ್ತಿಗೆ ನಾವು ತಿಂಡಿ ರೆಡಿ ಮಾಡಿಟ್ಟಿರ್ಬೇಕು. ಮೂರು ವರ್ಷದಲ್ಲಿ ಒಂದೇ ಸಲ ನೋಡಿದ್ದು, ಅದೂ ಬಾಲ” ಎಂದ.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಆ ಬಾಲದ ಮಾತೇ. ಜೋಗದಲ್ಲಿದ್ದ ನಾಲ್ಕು ತಿಂಗಳಲ್ಲಿ ನಾನು ಜಲಪಾತವನ್ನು ನಿಂತು ನೋಡಿದ್ದು ಎಷ್ಟು ಸಲ ಎಂದು ಲೆಕ್ಕ ಹಾಕಿದೆ. ಐದು. ನನ್ನ ಜೊತೆಯಲ್ಲಿದ್ದ ಇನ್ನೊಬ್ಬರು ಒಂದು ಸಲವೂ ನೋಡಲಿಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಪಿಯುಸಿ ಮುಗಿಸಿದ ಹಿಂದಿನ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಕೊಳೆರೋಗ ಬಿದ್ದಿತ್ತು. ಅಡಿಕೆ ಬೆಳೆಯುವ ಸೀಮೆಯವರಿಗೆ ಈ ಶಬ್ದವನ್ನು ವಿವರಿಸಬೇಕಾಗಿಲ್ಲ. ಮೈಲುತುತ್ತ ಸುಣ್ಣ ಬೆರೆಸಿ ಹೊಡೆದ ಔಷಧಿಯನ್ನು ಬಿಡದ ಮಳೆ ತೊಳೆದುಹಾಕಿತು. ಎಳೆಗಾಯಿಗಳು ಮರದ ಬುಡದಲ್ಲಿ ರಾಶಿಯಾದವು. ಇದ್ದದ್ದೇ ಒಂದೂವರೆ ಎಕರೆ. ನನ್ನ ಓದು ಒಂದು ವರ್ಷ ನಿಲ್ಲಲಿ ಎಂದು ಅಪ್ಪಯ್ಯ ಹೇಳಲಿಲ್ಲ. ಹೇಳುವುದಕ್ಕೆ ಮೊದಲೇ ನಾನು ಅರ್ಥಮಾಡಿಕೊಂಡೆ. ಸಾಗರದಲ್ಲಿದ್ದ ಸೋದರಮಾವ, “ಜೋಗದಲ್ಲಿ ಸೀಸನ್ನಿಗೆ ಹುಡುಗರು ಬೇಕಂತೆ” ಎಂದು ಕಾಗದ ಬರೆದಿದ್ದರು. ಆರಿದ್ರಾ ಮಳೆ ಹೊಡೆಯುತ್ತಿದ್ದ ಒಂದು ಬೆಳಗ್ಗೆ ಕೋಣಂದೂರಿನಲ್ಲಿ ಬಸ್ಸು ಹತ್ತಿ, ರಿಪ್ಪನ್‌ಪೇಟೆ, ಆನಂದಪುರ, ಸಾಗರ, ತಾಳಗುಪ್ಪಗಳನ್ನು ಹಾದು ಸಂಜೆಗೆ ಜೋಗ ತಲಪಿದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶರಾವತಿಯೂ ನಾನೂ ಒಂದೇ ತಾಲ್ಲೂಕಿನವರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ರಾಮನ ಬಾಣದಿಂದ ಚಿಮ್ಮಿತೆಂದು ಹೇಳುವ ಒಂದು ಸಣ್ಣ ಒರತೆಯಾಗಿ ಅದು ಹುಟ್ಟುತ್ತದೆ; ಹೊಸನಗರದ ಸೀಮೆಯನ್ನು ಹಾದು, ಸಾಗರದ ಕಾಡುಗಳಲ್ಲಿ ಬೆಳೆದು, ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕುತ್ತದೆ. ನಾನೂ ಅದೇ ದಿಕ್ಕಿನಲ್ಲಿ ಬಂದವನೆಂಬ ಒಂದು ಹುಡುಗುತನದ ಹೆಮ್ಮೆ ನನಗಿತ್ತು. ಅಲ್ಲಿ ಒಂದು ವಾರ ಕಳೆಯುವುದರೊಳಗೆ ಆ ಹೆಮ್ಮೆಗೆ ಒಬ್ಬರಿಂದ ಸರಿಯಾದ ಉತ್ತರ ಸಿಕ್ಕಿತು.

ಹೋಟೆಲೆಂದರೆ ನಾಡಹೆಂಚಿನ ಒಂದು ಉದ್ದನೆಯ ಮನೆ. ಮುಂದೆ ಎಂಟು ಮೇಜು, ಹಿಂದೆ ಅಡಿಗೆಮನೆ, ಅದರ ಹಿಂದೆ ಸೌದೆಯ ಕೊಟ್ಟಿಗೆ, ಅದರಾಚೆಗೆ ಕಾಡು. ಶರಾವತಿ ಕಣಿವೆಯ ಕಾಡು 1972ರಲ್ಲಿಯೇ ಅಭಯಾರಣ್ಯವಾಗಿತ್ತು. ಅದು ನಮಗೆ ತಿಳಿಯುತ್ತಿದ್ದುದು ಸೌದೆ ತರುವವನು ಸುತ್ತಮುತ್ತ ನೋಡಿಕೊಂಡು ಬರುತ್ತಿದ್ದುದರಿಂದ ಮಾತ್ರ. ಯಜಮಾನರು ಕುಂದಾಪುರದ ಕಡೆಯವರು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಮಳೆಯನ್ನೂ ಬಸ್ಸುಗಳನ್ನೂ ಒಟ್ಟಿಗೆ ಎಣಿಸುತ್ತಿದ್ದರು. ನನ್ನನ್ನು ಅವರು ಕರೆದದ್ದು “ಮಾಣಿ” ಎಂದು. ಮುಂದೆ ಎಂ.ಎ. ತರಗತಿಯಲ್ಲಿ ಈ ಮಾಣಿಯು ಸಂಸ್ಕೃತದ ಮಾಣವನ ತದ್ಭವವೆಂದೂ, ಉಪನಯನವಾದ ವಟುವಿಗೆ ಸಲ್ಲುತ್ತಿದ್ದ ಶಬ್ದವೆಂದೂ ಕಲಿತಾಗ ನನಗೆ ನಗು ಬಂದಿತು. ಶಬ್ದಗಳೂ ಹೊಟ್ಟೆಪಾಡಿಗಾಗಿ ಹೋಟೆಲು ಸೇರುತ್ತವೆ.

ಸೀಸನ್ನು ಎಂಬ ಶಬ್ದವೂ ಹಾಗೆಯೇ. ನಮ್ಮ ಮಲೆನಾಡಿನಲ್ಲಿ ಪ್ರತಿಯೊಂದು ಕಾಲಕ್ಕೂ ಅದರದೇ ಹೆಸರಿದೆ: ನೆಟ್ಟಿ, ಕಳೆ, ಕೊನೆಕೊಯ್ಲು, ಸುಗ್ಗಿ. ಜೋಗದಲ್ಲಿ ಮಾತ್ರ ಅದು ಸೀಸನ್ನು. ಆಷಾಢದಿಂದ ದೀಪಾವಳಿಯವರೆಗಿನ ಈ ನಾಲ್ಕು ತಿಂಗಳಲ್ಲಿ ವರ್ಷದ ಹನ್ನೆರಡು ತಿಂಗಳ ಬಾಡಿಗೆ, ಸಾಲದ ಬಡ್ಡಿ, ಮಕ್ಕಳ ಶಾಲೆ ಎಲ್ಲವೂ ಹುಟ್ಟಬೇಕು. ಆದುದರಿಂದ ಆ ನಾಲ್ಕು ತಿಂಗಳಲ್ಲಿ ಯಾರೂ ಕಾಹಿಲೆ ಬೀಳುವಂತಿರಲಿಲ್ಲ.

ದಿನ ಆರಂಭವಾಗುತ್ತಿದ್ದುದು ಬೆಳಗಿನ ನಾಲ್ಕು ಗಂಟೆಗೆ, ಹೊಗೆಯಿಂದ. ಮಳೆಗಾಲದ ಸೌದೆಗೆ ಬೆಂಕಿ ಹಿಡಿಸುವುದು ಒಂದು ತಪಸ್ಸು. ಊದುಗೊಳವೆಗೆ ಬಾಯಿಟ್ಟು ಊದಿ ಊದಿ ಕಣ್ಣು ಕೆಂಡವಾಗುವುದೇ ಹೊರತು ಒಲೆಯಲ್ಲ. ಭಟ್ಟರು ಮಾತಿಲ್ಲದೆ ಒಂದು ತೆಂಗಿನ ಗರಟೆ ಎಸೆಯುವರು; ಅದು ಹೊತ್ತಿಕೊಂಡಿತೆಂದರೆ ಆ ದಿನದ ಮೊದಲ ಸಂತೋಷ. ಇಡ್ಲಿಯ ಹಿಟ್ಟು ಚಳಿಗೆ ಹುಳಿ ಬರುವುದಿಲ್ಲವೆಂದು ರಾತ್ರಿ ಅದರ ಪಾತ್ರೆಯನ್ನು ಒಲೆಯ ಪಕ್ಕದಲ್ಲಿಟ್ಟು ಗೋಣಿಚೀಲ ಹೊದಿಸುತ್ತಿದ್ದೆವು. ನಮಗೆ ಹೊದೆಯಲು ಅಷ್ಟು ಬೆಚ್ಚನೆಯ ಗೋಣಿ ಇರಲಿಲ್ಲ. ಹಿಟ್ಟು ರುಬ್ಬುತ್ತಿದ್ದವನು ಒಂದು ಯಕ್ಷಗಾನ ಮೇಳದ ಯುವಕ. ದೀಪಾವಳಿ ಕಳೆದು ಮೇಳ ತಿರುಗಾಟಕ್ಕೆ ಹೊರಟರೆ ಅವನು ಸ್ತ್ರೀವೇಷದ ದಮಯಂತಿ. ಮಳೆಗಾಲದಲ್ಲಿ ಒರಳಿನ ಮುಂದೆ. ರಾತ್ರಿ ಹತ್ತರ ಮೇಲೆ ರುಬ್ಬುತ್ತ ರುಬ್ಬುತ್ತ ದಮಯಂತಿಯ ಪದಗಳನ್ನು ಮೆಲ್ಲನೆ ಹಾಡಿಕೊಳ್ಳುತ್ತಿದ್ದ. ಗುಂಡುಕಲ್ಲಿನ ಸದ್ದು ತಾಳದಂತಾಗುತ್ತಿತ್ತು. ಆಮೇಲೆ ನಾನು ಕೇಳಿದ ದೊಡ್ಡ ದೊಡ್ಡ ಆಟಗಳಲ್ಲಿ ಅಷ್ಟು ನೊಂದ ದಮಯಂತಿಯನ್ನು ಕಂಡದ್ದು ಕಡಮೆ.

ಎಂಟು ಗಂಟೆಯ ಹೊತ್ತಿಗೆ ಬಸ್ಸುಗಳು ಬರಲಾರಂಭಿಸುವುವು. ಒದ್ದೆಯಾದ ಜನ, ಒದ್ದೆ ಕೊಡೆಗಳು, ಕಾಲಿಗೆ ಹತ್ತಿದ ಉಂಬಳ ಕಂಡು ಕಿರುಚುವ ಹೆಂಗಸರು, ಅದಕ್ಕೆ ಸುಣ್ಣ ಹಚ್ಚಲು ಓಡುವ ನಾನು. ನೆಲವನ್ನು ಗಂಟೆಗೊಮ್ಮೆ ಒರೆಸಿದರೂ ಕೆಸರು ಹೋಗುತ್ತಿರಲಿಲ್ಲ. ಉಟ್ಟ ಬಟ್ಟೆ ನಾಲ್ಕು ತಿಂಗಳಲ್ಲಿ ಒಂದು ದಿನವೂ ಪೂರ್ತಿ ಒಣಗಿದ್ದು ನೆನಪಿಲ್ಲ. ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕುತ್ತಿದ್ದೆವಾದ್ದರಿಂದ ನಮ್ಮ ಅಂಗಿಗಳಿಗೆಲ್ಲ ಹೊಗೆಯ ವಾಸನೆ, ಸಾಂಬಾರಿನ ವಾಸನೆ. ಬೆರಳುಗಳ ಸಂದಿಯ ಚರ್ಮ ನೀರಿನಲ್ಲಿ ನೆನೆದು ಬೆಳ್ಳಗೆ ಬಿರಿಯುತ್ತಿತ್ತು. ಮಲಗುವ ಮೊದಲು ಎಲ್ಲರೂ ಸಾಲಾಗಿ ಕುಳಿತು ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹಚ್ಚಿಕೊಳ್ಳುತ್ತಿದ್ದೆವು. ಮಲಗುವುದೂ ಅದೇ ಮೇಜುಗಳ ಮೇಲೆ, ಎರಡೆರಡು ಜೋಡಿಸಿ.

ಮಂಜು ಮುಚ್ಚಿದ ದಿನಗಳೇ ಕಷ್ಟ. ದೂರದಿಂದ ಬಂದವರು ಎರಡು ಗಂಟೆ ಮಳೆಯಲ್ಲಿ ನಿಂತು ಬಿಳಿಯ ಗೋಡೆಯೊಂದನ್ನು ನೋಡಿ, ಕೋಪವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೋಟೆಲಿಗೆ ಬರುವರು. “ಎಲ್ರೀ ನಿಮ್ಮ ಜೋಗ?” ಎಂದು ಕೇಳುವರು. ನಿಮ್ಮ ಜೋಗ! ಜಲಪಾತ ಕಾಣದ ದಿನ ಕಾಫಿಗೆ ಸಕ್ಕರೆ ಕಡಮೆಯೆನಿಸುತ್ತದೆ, ಇಡ್ಲಿ ಗಟ್ಟಿಯೆನಿಸುತ್ತದೆ. ಅರ್ಧ ಗಂಟೆ ಬಿಟ್ಟು ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಮ್ಮೆಲೆ ತೋರಿದರೆ, ಅದೇ ಜನ ತಿಂಡಿ ಬಿಟ್ಟು ಓಡಿಹೋಗುವರು, ದುಡ್ಡು ಕೊಡದೆ. ಹಾಗೆ ಓಡಿದವರಲ್ಲಿ ಮರಳಿ ಬಂದು ಕೊಟ್ಟವರೇ ಹೆಚ್ಚು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಶಬ್ದದ ವಿಷಯ ಒಂದಿದೆ. ಮೊದಲ ಮೂರು ರಾತ್ರಿ ಜಲಪಾತದ ಮೊರೆತದಿಂದ ನನಗೆ ನಿದ್ದೆ ಬರಲಿಲ್ಲ. ನಾಲ್ಕನೆಯ ದಿನದಿಂದ ಅದು ಕೇಳಿಸಲೇ ಇಲ್ಲ. ಆಮೇಲೆ ಕೇಳಿಸಿದ್ದು ಹಸ್ತೆಯ ಮಳೆ ಕಳೆದು ಅದು ಸಣ್ಣಗಾದಾಗ. ಒಂದು ಬೆಳಗಿನ ಜಾವ ಎಚ್ಚರವಾಗಿ, ಏನೋ ಕಳೆದುಹೋದಂತೆನಿಸಿ, ಮೇಜಿನ ಮೇಲೆ ಎದ್ದು ಕುಳಿತಿದ್ದೆ.

ಈಗ ಅವರ ವಿಷಯ. ನಮ್ಮ ಹಿರಿಯ ಸಪ್ಲೈಯರ್ ಅವರು. ವಯಸ್ಸು ನಲವತ್ತೈದರ ಆಚೆ. ಎಲ್ಲರೂ ಅವರನ್ನು ‘ಅಣ್ಣಯ್ಯ’ ಎನ್ನುತ್ತಿದ್ದರು. ಯಜಮಾನರೂ ಹಾಗೆಯೇ ಕರೆಯುತ್ತಿದ್ದರು. ಎಂಟು ಮೇಜಿನ ಮೂವತ್ತು ಜನ ಏನೇನು ತಿಂದರೆಂಬುದನ್ನು ಚೀಟಿಯಿಲ್ಲದೆ ನೆನಪಿಟ್ಟು, ಅವರು ಕೈತೊಳೆದು ಗಲ್ಲಾದ ಕಡೆಗೆ ನಡೆಯುವಾಗ ಹಿಂದಿನಿಂದ ಕೂಗಿ ಹೇಳುತ್ತಿದ್ದರು: “ಕೊಡೆಯವರು ಮೂರು ನಲವತ್ತು, ಹಿಂದಿನವರು ಒಂದು ತೊಂಬತ್ತು.” ಒಂದು ಸಲವೂ ತಪ್ಪಿದ್ದಿಲ್ಲ. ನಾನು ಬಂದ ವಾರದಲ್ಲಿ, ಅಂಬುತೀರ್ಥದ ತಾಲ್ಲೂಕಿನವನೆಂದು ಸ್ವಲ್ಪ ಜಂಬದಿಂದಲೇ ಅವರಿಗೆ ಹೇಳಿಕೊಂಡೆ. ಅವರು ಲೋಟ ತೊಳೆಯುತ್ತಲೇ ಹೇಳಿದರು:

“ಹಂಗಾರೆ ನಿಮ್ಮೂರ ಹೊಳೆ ಕಣಾ ತಮ್ಮಾ, ನಮ್ಮನೆ ಮುಳುಗ್ಸಿದ್ದು.”

ಕಹಿಯಿಂದ ಹೇಳಲಿಲ್ಲ. ಪರಿಚಯ ಹೇಳಿದಂತೆ ಹೇಳಿದರು.

ಜೋಗದಲ್ಲಿ ವಿದ್ಯುತ್ತು ಮೊದಲು ಹುಟ್ಟಿದ್ದು 1948ರಲ್ಲಿ. ಆಗ ನೀರು ಹಿಡಿದಿಡಲು ಮಡೆನೂರಿನ ಬಳಿ ಹಿರೇಭಾಸ್ಕರ ಎಂಬ ಅಣೆಕಟ್ಟು ಕಟ್ಟಿದ್ದರು. 1964ರಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಸಿದ್ಧವಾದಾಗ ಆ ಹಳೆಯ ಅಣೆಕಟ್ಟೇ ನೀರಿನಡಿ ಸೇರಿತು. ಅಣೆಕಟ್ಟೇ ಮುಳುಗುವಾಗ ಅಡಿಕೆ ತೋಟ ಯಾವ ಲೆಕ್ಕ! ಅಣ್ಣಯ್ಯನ ಊರು ಹೊಳೆಯಾಚೆಯ ಕರೂರು ಸೀಮೆಯಲ್ಲಿತ್ತು. ನೀರು ಏರಿದ ವರ್ಷ ಅವರಿಗೆ ಮೂವತ್ತು ತುಂಬಿತ್ತು. ನೀರು ಧುಮುಕಿಕೊಂಡು ಬರಲಿಲ್ಲ, ಕಳ್ಳನಂತೆ ಬಂತು ಎನ್ನುತ್ತಿದ್ದರು. ಮೊದಲು ಗದ್ದೆಯ ಬದು, ಎಂಟು ದಿನ ಬಿಟ್ಟು ತೋಟದ ಕಾಲುವೆ, ಆಮೇಲೆ ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ದನಗಳು ನೀರಿನಲ್ಲಿ ನಿಂತು ಕೂಗುತ್ತಿದ್ದವಂತೆ. ಸಾಮಾನು, ಜನ, ಜಾನುವಾರುಗಳನ್ನು ಲಾರಿಗೆ ತುಂಬಿ ತಂದು ದೂರದ ಒಂದು ಕಾಡಿನ ನಡುವೆ ಇಳಿಸಿದರು. ಇದು ನಿಮ್ಮ ಜಾಗ ಎಂದರು. ಬಾಯಲ್ಲಿ ಹೇಳಿದರು, ಕಾಗದ ಬರಲಿಲ್ಲ. ಅಲ್ಲಿ ಬಾವಿ ತೋಡಿದರೆ ನೀರಿಲ್ಲ. “ನೀರು ಹೆಚ್ಚಾಗಿ ಊರು ಬಿಟ್ಟೋರು ನಾವು, ಅಲ್ಲಿ ಕುಡಿಯಕ್ಕೆ ನೀರಿಲ್ಲ” ಎಂದು ಹೇಳಿ ನಗುತ್ತಿದ್ದರು. ಅವರಿಗೆ ಅದು ನಿಜವಾಗಿಯೂ ತಮಾಷೆಯಾಗಿ ಕಾಣುತ್ತಿತ್ತು. ತಾಯಿ ಅಲ್ಲಿಯೇ ತೀರಿಕೊಂಡರು. ಆಮೇಲೆ ಮಳೆಗಾಲಕ್ಕೆ ಜೋಗ, ಕೊನೆಕೊಯ್ಲಿಗೆ ಯಾರದೋ ಮನೆಯಲ್ಲಿ ಅಡಿಕೆ ಸುಲಿಯುವುದು, ಬೇಸಿಗೆಗೆ ಮದುವೆಮನೆಗಳಲ್ಲಿ ಬಡಿಸುವುದು. ನಮಗೆಲ್ಲ ಸೀಸನ್ನು ಒಂದೇ. ಅವರಿಗೆ ಬದುಕೇ ಸೀಸನ್ನುಗಳು.

ಅವರು ಜಲಪಾತದ ಅಂಚಿಗೆ ಹೋಗುತ್ತಿರಲಿಲ್ಲ. ಹೋಟೆಲಿನಿಂದ ಒಂದು ಕೂಗಳತೆ. ಒಂದು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದು, ಕಮರಿಯಲ್ಲಿ ಕಾಮನಬಿಲ್ಲು ಮೂಡಿದೆಯೆಂದು ನಾವೆಲ್ಲ ಓಡಿದೆವು, ಅಣ್ಣಯ್ಯ ಬರಲಿಲ್ಲ. ಏಕೆಂದು ಕೇಳಿದ್ದಕ್ಕೆ, “ನಮ್ಮ ತೋಟದ ಮೇಲೆ ಹಾದು ಬಂದ ನೀರಲ್ವನಾ ಅದು. ಅದು ಬೀಳೋದನ್ನ ಎಂತ ನೋಡೂದು” ಎಂದರು. ಲೆಕ್ಕಕ್ಕೆ ಅದು ಸರಿಯಲ್ಲ. ಆ ನೀರಿನ ಬಹುಪಾಲು ಕಾಲುವೆಯಲ್ಲಿ, ಕೊಳವೆಯಲ್ಲಿ ಹರಿದು ಯಂತ್ರಗಳನ್ನು ತಿರುಗಿಸಲು ಹೋಗುತ್ತದೆ. ಜಲಾಶಯ ತುಂಬಿ ಬಾಗಿಲು ತೆರೆದ ದಿನಗಳನ್ನು ಬಿಟ್ಟರೆ ನಾವು ಜೋಗದಲ್ಲಿ ನೋಡುವುದು ಅಣೆಕಟ್ಟಿನ ಕೆಳಗಿನ ಹಳ್ಳಗಳ ಮಳೆನೀರನ್ನೇ. ನಾನು ಪಿಯುಸಿ ಓದಿದವನಾದ್ದರಿಂದ ಇದನ್ನು ಅವರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, “ಹೌದನಾ? ಹಂಗಾರೆ ಅದು ಅಲ್ಲೂ ಕೂಲಿಗೇ ಹೋಗ್ತದೆ” ಎಂದರು.

ದಸರೆಯ ರಜೆಗೆ ಜನ ಮುಗಿಬಿದ್ದರು. ಅದಾದ ಮೇಲೆ ಒಂದು ವಾರದಲ್ಲಿ ಹೋಟೆಲು ಬರಿದಾಯಿತು. ದೀಪಾವಳಿಗೆ ಮೂರು ದಿನವಿರುವಾಗ ಯಜಮಾನರು ಲೆಕ್ಕ ಚುಕ್ತಾ ಮಾಡಿದರು. ನನಗೆ ತಿಂಗಳಿಗೆ 60 ರೂಪಾಯಿಯಂತೆ, ಮುಂಗಡ ಕಳೆದು, ಮೇಲೆ ಒಂದು ಪಂಚೆ. ದಮಯಂತಿ ಮೇಳಕ್ಕೆ ಹೊರಟ. ಆ ರಾತ್ರಿ ಅಣ್ಣಯ್ಯ ತಮ್ಮ ತಗಡಿನ ಪೆಟ್ಟಿಗೆಯಿಂದ ನಾಲ್ಕು ಹಾಳೆ ಬಿಳಿಯ ಕಾಗದ ತೆಗೆದು ನನ್ನ ಮುಂದಿಟ್ಟರು. ಜಾಗದ ಕಾಗದಕ್ಕೆ ಒಂದು ಅರ್ಜಿ ಬರೆದುಕೊಡಬೇಕು. “ನೀನು ಓದಿದೋನು, ಚಂದ ಮಾಡಿ ಬರಿ” ಎಂದರು.

ಶ್ರೋತೃಗಳೆ, ನಾನು ಚಂದ ಮಾಡಿ ಬರೆದೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಡುರಾತ್ರಿಯವರೆಗೆ ಕುಳಿತು ಬರೆದೆ. ‘ಜಲಸಮಾಧಿಗೊಂಡ ಜನ್ಮಭೂಮಿ’ ಎಂದು ಬರೆದೆ. ತಾಯಿಯ ಸಾವನ್ನು ಅರ್ಧ ಪುಟ ಬರೆದೆ. ನಾಡಿಗೆ ಬೆಳಕು ಕೊಟ್ಟವನ ಮನೆ ಕತ್ತಲೆಯಲ್ಲಿದೆ ಎಂದು ಬರೆದು ನನ್ನ ವಾಕ್ಯಕ್ಕೆ ನಾನೇ ಬೆರಗಾದೆ. ಓದಿ ಹೇಳಿದಾಗ ಅಣ್ಣಯ್ಯ ಕಣ್ಣೊರೆಸಿಕೊಂಡರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಆಮೇಲೆ ಬಂದದ್ದಿಲ್ಲ. ಆದರೆ ಮುಳುಗಿದ ಜಮೀನಿನ ಸರ್ವೆ ನಂಬರು ಇರಬೇಕಾದಲ್ಲಿ ಚುಕ್ಕಿಗಳನ್ನು ಇಟ್ಟಿದ್ದೆ. ಆ ನಂಬರಿದ್ದ ಹಳೆಯ ರಶೀದಿ ಪೆಟ್ಟಿಗೆಯ ತಳದಲ್ಲಿತ್ತು. ಬೆಳಗ್ಗೆ ಹುಡುಕಿ ತುಂಬಿಸೋಣವೆಂದು ಇಬ್ಬರೂ ಮಲಗಿದೆವು. ಬೆಳಗ್ಗೆ ಸೀಸನ್ನಿನ ಕಡೆಯ ಪ್ರವಾಸದ ಬಸ್ಸೊಂದು ಹೇಳದೆ ಕೇಳದೆ ಬಂದು ನಿಂತಿತು. ಅವರಿಗೆ ಬಡಿಸಿ ಮುಗಿಸುವ ಹೊತ್ತಿಗೆ ನನ್ನ ಬಸ್ಸಿನ ಸಮಯ. ಅಣ್ಣಯ್ಯ ಅರ್ಜಿಗೆ ಆಗಲೇ ರುಜು ಮಾಡಿ, ಲಕೋಟೆಗೆ ಹಾಕಿ ಅಂಟಿಸಿ, ಸಾಗರದಲ್ಲಿ ಅಂಚೆಗೆ ಹಾಕೆಂದು ನನ್ನ ಕೈಯಲ್ಲೇ ಕೊಟ್ಟರು. ಸಾಗರದಲ್ಲಿ ಹಾಕಿದೆ. ಚುಕ್ಕಿಗಳ ನೆನಪಾದದ್ದು ಆನಂದಪುರ ದಾಟಿದ ಮೇಲೆ.

ಊರಿಗೆ ಹೋಗಿ ಒಂದು ಕಾಗದ ಬರೆಯೋಣವೆಂದುಕೊಂಡೆ. ಅಣ್ಣಯ್ಯ ಆಗಲೇ ಜೋಗ ಬಿಟ್ಟಿರುತ್ತಾರೆ, ಯಾವ ವಿಳಾಸಕ್ಕೆ ಬರೆಯುವುದು ಎಂದು ಒಂದು ನೆಪ ಹೊಳೆಯಿತು. ಯಜಮಾನರ ವಿಳಾಸಕ್ಕೆ ಬರೆಯಬಹುದಾಗಿತ್ತು. ಬರೆಯಲಿಲ್ಲ. ಮರುವರ್ಷ ಅಡಿಕೆ ಚೆನ್ನಾಗಿ ಬಂದು ನಾನು ಕಾಲೇಜು ಸೇರಿದೆ. ಎರಡು ವರ್ಷ ಬಿಟ್ಟು ಶಿವಮೊಗ್ಗದಲ್ಲಿ ಒಂದು ಆಟದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದ ದಮಯಂತಿಯನ್ನು ಕಂಡು ವಿಚಾರಿಸಿದೆ. ಅರ್ಜಿ ಹಿಂದಕ್ಕೆ ಬಂದಿತ್ತಂತೆ, ವಿವರ ಸಾಲದೆಂದು. ಅಣ್ಣಯ್ಯ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದರಂತೆ. ಗಿರಾಕಿಗಳಲ್ಲಿ ಯಾರಾದರೂ ಓದಿದವರಂತೆ ಕಂಡರೆ ತೆಗೆದು ತೋರಿಸಿ, ‘ನಮ್ಮ ಮಾಣಿ ಬರೆದದ್ದು’ ಎನ್ನುತ್ತಿದ್ದರಂತೆ. ಆಮೇಲಿನ ಸೀಸನ್ನಿಗೆ ಅವರು ಬರಲಿಲ್ಲ.

ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ಗಳನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿದ್ದು ಎಲ್ಲವನ್ನೂ ಹತ್ತಿರದಿಂದ ಕಂಡವರು ಅವರು. ಆ ಪುಸ್ತಕಗಳಲ್ಲಿ ಅಲಂಕಾರ ಕಡಮೆಯೆಂದು ಒಬ್ಬ ವಿದ್ಯಾರ್ಥಿ ಆಕ್ಷೇಪಿಸಿದಾಗ ನಾನು ಸ್ವಲ್ಪ ಗಡುಸಾಗಿಯೇ ಉತ್ತರ ಕೊಟ್ಟೆ. ಅಷ್ಟು ಕೋಪ ಏಕೆಂದು ಆ ಹುಡುಗನಿಗೆ ತಿಳಿದಿರಲಾರದು. 2025ರ ಜನವರಿಯಲ್ಲಿ ಡಿಸೋಜರು ತೀರಿಕೊಂಡರು. ಮುಳುಗಡೆಯವರಲ್ಲಿ ಎಷ್ಟೋ ಮಂದಿಗೆ ಜಾಗದ ಕಾಗದ ಇನ್ನೂ ಬಂದಿಲ್ಲ.

ಅದೇ ವರ್ಷದ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆಯಾಯಿತು. ಲಾಂಚಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದಲ್ಲಿ ಈಗ ಕೆಲವೇ ನಿಮಿಷ. ಮಗನ ಕಾರಿನಲ್ಲಿ ನಾನೂ ದಾಟಿದೆ. ಆಚೆಗೆ ಒಂದು ಚಹಾದಂಗಡಿಯಲ್ಲಿ ಕುಳಿತು, ಅಣ್ಣಯ್ಯನ ಊರಿನ ಹೆಸರು ಹೇಳಿ, ಆ ಕಡೆಯವರು ಯಾರಾದರೂ ಇಲ್ಲಿದ್ದಾರೆಯೇ ಎಂದು ಕೇಳಿದೆ. ಅಂಗಡಿಯವನು ಚಿಕ್ಕ ವಯಸ್ಸಿನವನು. ಊರಿನ ಹೆಸರು ಕೇಳಿದ್ದೇನೆ, ಊರು ನೋಡಿಲ್ಲ ಎಂದ. ಲೋಟ ನನ್ನ ಮುಂದಿಟ್ಟು, ನನ್ನ ಕನ್ನಡಕವನ್ನೂ ಜೇಬಿನ ಪೆನ್ನನ್ನೂ ಒಮ್ಮೆ ನೋಡಿ, “ನೀವು ಸರ್ವೆಯವರಾ?” ಎಂದು ಕೇಳಿದ.

ಅಲ್ಲವೆಂದೆ. ಚಹಾದ ದುಡ್ಡು ಕೊಟ್ಟು ಎದ್ದು ಬಂದೆ.